ಫೋನಿನಲ್ಲಿ ಉಳಿದ ದನಿಗೆ ಆಲ್ಬಮ್ ಕಟ್ಟುವುದು ಹೇಗೆ

ಮೊದಲ ಕೆಲಸ, ಹೋದವರ ಸಿಮ್‌ಗೆ ರೀಚಾರ್ಜ್ ಮಾಡಿಸುವುದು. ಸಾವಿನ ಮನೆಯಲ್ಲಿ ಇದು ಯಾರ ತಲೆಗೂ ಬರುವುದಿಲ್ಲ. ದಿನಕರ್ಮ, ಮಾತಾಡಿಸಲು ಬರುವವರು, ಮರಣದ ದಾಖಲೆಗೆ ಓಡಾಟ ಅನ್ನುವಷ್ಟರಲ್ಲಿ ಮೂರು ತಿಂಗಳು ಸರಿದಿರುತ್ತವೆ. 90 ದಿನ ಬಳಕೆಯಿಲ್ಲದೆ, ಬ್ಯಾಲೆನ್ಸ್ ಇಲ್ಲದೆ ಬಿದ್ದ ನಂಬರ್ ರದ್ದಾಗಿ ಮುಂದೆ ಬೇರೆ ಯಾರದೋ ಪಾಲಾಗುತ್ತದೆ. ನಂಬರ್ ಹೋದರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ದರೆ ಬ್ಯಾಕಪ್ ತೆರೆಯುವುದಿಲ್ಲ. ಹೋದವರು ಫೋನಿಗೆ ಹಾಡಿ ವಾಟ್ಸಾಪ್‌ನಲ್ಲಿ ಕಳಿಸಿದ ಹಾಡುಗಳು ಇರುವುದು ಆ ಬ್ಯಾಕಪ್ಪಿನೊಳಗೇ.

ಧಾರವಾಡದ ಸಪ್ತಾಪುರದಲ್ಲಿ ನಮ್ಮದೊಂದು ಹಂಚಿನ ಮನೆ. ಅದರ ಹಿಂದಿನ ಖೋಲಿಯೇ ನನ್ನ ಸ್ಟುಡಿಯೋ. ಒಂದು ಕಂಪ್ಯೂಟರ್, ಎರಡು ಮೈಕು, ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಆರು ಕೌದಿ. ಕಾಲೇಜು ದಿನಗಳಲ್ಲಿ ನಾವು ನಾಲ್ವರು ಸೇರಿ ಬ್ಯಾಂಡ್ ಕಟ್ಟಿ ಗ್ಯಾದರಿಂಗ್‌ಗಳಲ್ಲಿ ನುಡಿಸುತ್ತಿದ್ದೆವು. ಹಾಡುತ್ತಿದ್ದವಳು ಮುಂದೆ ಗದಗಿನಲ್ಲಿ ಶಾಲಾ ಶಿಕ್ಷಕಿಯಾದಳು. ಇಪ್ಪತ್ತು ವರ್ಷ ವೇದಿಕೆ ಹತ್ತಲಿಲ್ಲ, ಆದರೆ ಹಾಡು ಕಟ್ಟುವುದನ್ನು ಬಿಡಲಿಲ್ಲ. ಒಲೆ ಮುಂದೆ ನಿಂತು ಫೋನಿಗೆ ಹಾಡಿ ನಡುರಾತ್ರಿ ನನಗೆ ಕಳಿಸುತ್ತಿದ್ದಳು. ‘ಈ ಸಲ ದಸರಾ ಸೂಟಿಯಾಗ ಪಕ್ಕಾ ರೆಕಾರ್ಡ್ ಮಾಡೂಣು’ ಎಂದು ಪ್ರತಿ ವರ್ಷ ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಆಷಾಢದಲ್ಲಿ ತೀರಿಕೊಂಡಳು. ಆಕೆಯ ಏಳು ಹಾಡುಗಳ ಆಲ್ಬಮ್ ಮಾಡಿ ಮುಗಿಸಿದ್ದೇವೆ. ಇಂಥದೇ ಫೋನು ಕೈಯಲ್ಲಿ ಹಿಡಿದು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಕೂತವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ.

ನಮಗೆ ದಾರಿ ತೋರಿಸಿದ್ದು ಐರ್ಲೆಂಡಿನ ಲಿಮರಿಕ್ ಊರಿನ ದಿ ಕ್ರ್ಯಾನ್‌ಬೆರೀಸ್. 1994ರ ಅವರ ಆಲ್ಬಮ್ಮಿನ ಒಂದೇ ಒಂದು ಕ್ಯಾಸೆಟ್ಟನ್ನು ನಾವು ನಾಲ್ವರೂ ವಾರಕ್ಕೊಬ್ಬರಂತೆ ಮನೆಗೆ ಒಯ್ದು ಕೇಳಿದವರು. ಆ ಬ್ಯಾಂಡಿನ ಗಾಯಕಿ ಡೊಲೊರೆಸ್ ಓರಿಯೋರ್ಡನ್ ಮತ್ತು ಗಿಟಾರ್ ನುಡಿಸುವ ನೋಯೆಲ್ ಹೋಗನ್ 2017ರಲ್ಲಿ ಹೊಸ ಹಾಡುಗಳನ್ನು ಬರೆಯತೊಡಗಿದ್ದರು. ಡೊಲೊರೆಸ್ ಅವರ ಬೆನ್ನುನೋವಿನಿಂದ ಆ ವರ್ಷದ ಪ್ರವಾಸ ಅರ್ಧಕ್ಕೇ ನಿಂತಿತ್ತು. ವರ್ಷ ಮುಗಿಯುವ ಹೊತ್ತಿಗೆ 11 ಹಾಡುಗಳ ಡೆಮೋ, ಅಂದರೆ ಕಚ್ಚಾ ಧ್ವನಿಮುದ್ರಣ, ಸಿದ್ಧವಾಗಿದ್ದವು. 2018ರ ಜನವರಿ 15ರಂದು ಲಂಡನ್ನಿನ ಹೋಟೆಲೊಂದರಲ್ಲಿ ಡೊಲೊರೆಸ್ ತೀರಿಕೊಂಡರು. ಆಗ ಅವರಿಗೆ 46 ವರ್ಷ. ಉಳಿದ ಮೂವರು, ಅಂದರೆ ನೋಯೆಲ್, ಅವರ ತಮ್ಮ ಮೈಕ್ ಮತ್ತು ಡ್ರಮ್ಸ್‌ನ ಫರ್ಗಲ್ ಲಾಲರ್, ಆ ಡೆಮೋಗಳಲ್ಲಿದ್ದ ದನಿಯ ಸುತ್ತ ಇಡೀ ಆಲ್ಬಮ್ ನುಡಿಸಿ ಕಟ್ಟಿದರು. ‘ಇನ್ ದಿ ಎಂಡ್’ ಎಂಬ ಹೆಸರಿನಲ್ಲಿ ಅದು 2019ರ ಏಪ್ರಿಲ್ 26ರಂದು ಹೊರಬಂತು. ನಮ್ಮ ಗೆಳತಿ ಹೋದ ಮೇಲೆ ತಿಂಗಳುಗಟ್ಟಲೆ ನಾನು ಕೇಳಿದ್ದು ಅದೊಂದೇ ಆಲ್ಬಮ್. ಮೊದಮೊದಲು ದುಃಖಕ್ಕೆ ಕೇಳಿದೆ. ಆಮೇಲೆ, ಇದನ್ನು ಹೇಗೆ ಮಾಡಿದ್ದಾರೆ ಎಂದು ಕಿವಿಗೊಟ್ಟು ಕೇಳಿದೆ.

ಅವರು ಮೊದಲು ಮಾಡಿದ ಕೆಲಸ ಡೊಲೊರೆಸ್ ಮನೆಯವರನ್ನು ಕೇಳಿದ್ದು. ಒಪ್ಪಿಗೆ ಸಿಕ್ಕ ಮೇಲೆಯೇ ಸ್ಟುಡಿಯೋಗೆ ಹೋದರು. ನೀವೂ ಅದನ್ನೇ ಮಾಡಿ. ಬರಿಗೈಲಿ ಹೋಗಿ, ಲ್ಯಾಪ್‌ಟಾಪ್ ಒಯ್ಯಬೇಡಿ. ನಾನು ಗದಗಿಗೆ ಹೋದ ದಿನ ಆಕೆಯ ಅವ್ವ ಚಹಾ ಕೊಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಅಂದರು: ‘ಹಾಡಾ ಮಾಡು ತಮ್ಮಾ. ಆದ್ರ ಆ ಫೋನಿನ್ಯಾಗ ಆಕಿ ಎಲ್ಲಾರ ಅತ್ತಿದ್ರ, ಅದನ್ನ ನೀನೂ ಕೇಳಬ್ಯಾಡ, ಯಾರಿಗೂ ಕೇಳಸಬ್ಯಾಡ.’

ಈ ಮಾತಿನಿಂದ ನಾವು ಒಂದು ಕ್ರಮ ಮಾಡಿಕೊಂಡೆವು. ಫೋನಿನಲ್ಲಿ ಒಟ್ಟು 64 ಧ್ವನಿ ಕಡತಗಳಿದ್ದವು. ಅವನ್ನು ಮೊದಲು ಕೇಳಿದ್ದು ಆಕೆಯ ಅಕ್ಕ, ಒಬ್ಬರೇ. ಹಾಡು ಯಾವುದು, ಮನೆಮಾತು ಯಾವುದು ಎಂದು ವಹಿಯಲ್ಲಿ ಬರೆದು, ಹಾಡಿನವನ್ನು ಮಾತ್ರ ನನಗೆ ಕೊಟ್ಟರು. ನನ್ನ ಕೈಗೆ ಬಂದದ್ದು 23. ಉಳಿದವುಗಳಲ್ಲಿ ಏನಿದೆಯೋ ನಾನು ಕೇಳಿಲ್ಲ. ನೀವೂ ಈ ಕೆಲಸವನ್ನು ಮನೆಯವರಿಗೇ ಬಿಡಿ. ತಿಂಗಳು ಹಿಡಿದರೆ ಹಿಡಿಯಲಿ.

ಕಡತ ತರುವಾಗ ಎಚ್ಚರ ಬೇಕು. ಫೋನಿನ ರೆಕಾರ್ಡರ್‌ನಲ್ಲಿ ಉಳಿದ ಮೂಲ ಕಡತ ಒಂದು, ಅದನ್ನೇ ವಾಟ್ಸಾಪ್‌ನಲ್ಲಿ ಮೈಕಿನ ಗುರುತು ಒತ್ತಿ ಕಳಿಸಿದ ವಾಯ್ಸ್ ನೋಟ್ ಇನ್ನೊಂದು. ಎರಡನೆಯದು ಸಣ್ಣ ಗಾತ್ರಕ್ಕೆಂದು ಹಿಂಡಿ ತೆಗೆದದ್ದು, ದನಿಗೆ ಹೊಳಪು ಕೊಡುವ ಮೇಲಿನ ಕಂಪನಗಳೇ ಅದರಲ್ಲಿರುವುದಿಲ್ಲ. ಆದ್ದರಿಂದ ಮೊದಲು ಮೂಲವನ್ನು ಹುಡುಕಿ. ಫೋನಿಗೆ ವೈರ್ ಹಾಕಿ ನೇರ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಆಗ ಕಡತ ಇದ್ದಂತೆಯೇ ಬರುತ್ತದೆ. ಮೂರು ಪ್ರತಿ ಮಾಡಿ: ಒಂದು ನಿಮ್ಮ ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಲ್ಲಿರುವವರ ಹತ್ತಿರ. ಮೂಲ ಕಡತದ ಹೆಸರು, ತಾರೀಖು ಬದಲಿಸಬೇಡಿ. ಕೆಲಸಕ್ಕೆ 24 ಬಿಟ್‌ನ ವೇವ್ ಪ್ರತಿ, ಅಂದರೆ ಹಿಂಡದ ಕಡತ, ಮಾಡಿಕೊಳ್ಳಿ. ಅದರಿಂದ ದನಿ ಚಂದವಾಗುವುದಿಲ್ಲ, ಆದರೆ ಪ್ರತಿ ಸಲ ಉಳಿಸಿದಾಗ ಇನ್ನಷ್ಟು ಕೆಡುವುದು ತಪ್ಪುತ್ತದೆ.

ಕಾಗದದ ಕೆಲಸವನ್ನೂ ಆಗಲೇ ಮುಗಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ, ಮುಂದಿನ ವರ್ಷದ ಆರಂಭದಿಂದ ಎಣಿಕೆ. ಅಷ್ಟು ಕಾಲ ಅದು ವಾರಸುದಾರರದು. ಯಾವ ಹಾಡುಗಳು, ಎಲ್ಲಿ ಬಿಡುಗಡೆ, ಬಂದ ಹಣ ಯಾರ ಖಾತೆಗೆ, ಕೊನೆ ಗಳಿಗೆಯಲ್ಲಿ ಬೇಡವೆನ್ನುವ ಅಧಿಕಾರ ಯಾರದು ಎಂಬ ನಾಲ್ಕು ವಿಷಯವನ್ನು ಕನ್ನಡದಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ. ನಮ್ಮ ಭಾಗದ ಹಾಡುಗಾರರಿಗೆ ಇನ್ನೊಂದು ಮಾತು. ಶಿಶುನಾಳ ಶರೀಫರ ತತ್ವಪದಗಳಿಗೆ ಯಾರ ಅನುಮತಿಯೂ ಬೇಡ, ಅವರು 1889ರಲ್ಲೇ ತೀರಿಕೊಂಡವರು. ಆದರೆ ಬೇರೆಯವರ ಧ್ವನಿಮುದ್ರಿಕೆಯಲ್ಲಿ ಕೇಳಿದ ಧಾಟಿ ಅವರದಾಗಿರಬಹುದು, ಅದನ್ನು ವಿಚಾರಿಸಿ. ಬೇಂದ್ರೆಯವರ ಕವಿತೆಯಾದರೆ ಅನುಮತಿ ಬೇಕೇ ಬೇಕು. 1981ರಲ್ಲಿ ತೀರಿಕೊಂಡ ಅವರ ಹಕ್ಕು 2041ರ ಕೊನೆಯವರೆಗೂ ಇರುತ್ತದೆ. ನಮ್ಮ ಗೆಳತಿ ಅವರದೊಂದು ಪದ್ಯಕ್ಕೆ ರಾಗ ಹಾಕಿದ್ದಳು. ಬಹಳ ಚಂದದ ರಾಗ. ಸದ್ಯಕ್ಕೆ ಆಲ್ಬಮ್ಮಿನಿಂದ ಬಿಟ್ಟಿದ್ದೇವೆ, ಅನುಮತಿ ಕೇಳಿ ಮುಂದೆ ಮಾಡುತ್ತೇವೆ.

ಇನ್ನು ಆಯ್ಕೆ. 23 ತುಣುಕಿನಲ್ಲಿ ಪೂರ್ತಿ ಹಾಡು ಒಂಬತ್ತು. ಅವುಗಳಲ್ಲಿ ಎರಡರಲ್ಲಿ ಆಕೆ ಪದ ಸಿಗದ ಕಡೆ ಬರೀ ‘ಲಾ ಲಾ’ ಅಂದಿದ್ದಳು. ಕ್ರ್ಯಾನ್‌ಬೆರೀಸ್ ಮುಂದೆಯೂ ಇಂಥ ತೊಡಕಿತ್ತು: ಡೆಮೋಗಳೆಂದು ಹಾಡಿದ್ದವು, ಹಿನ್ನೆಲೆ ದನಿಗಳನ್ನು ತುಂಬಲು ಡೊಲೊರೆಸ್ ಇರಲಿಲ್ಲ. ಅವರೊಂದಿಗೆ ಪ್ರವಾಸದಲ್ಲಿ ಹಾಡಿದ್ದ ಜೊಹಾನಾ ಕ್ರ್ಯಾನಿಚ್ ಬಂದು ಹಿನ್ನೆಲೆ ಹಾಡಿದರು. ಡೊಲೊರೆಸ್ ಜೊತೆ ನಿಂತು ಹಾಡಿದವರು ಅವರು, ತಮ್ಮದೇ ದನಿಯಲ್ಲಿ ಹಾಡಿದರು. ನಾವೂ ಅದನ್ನೇ ಅನುಸರಿಸಿದೆವು. ಆಕೆಯ ಅಕ್ಕ ಚಿಕ್ಕಂದಿನಿಂದ ಭಜನೆಯಲ್ಲಿ ತಂಗಿಗೆ ದನಿಗೂಡಿಸುತ್ತಿದ್ದವರು. ‘ಲಾ ಲಾ’ ಇದ್ದ ಜಾಗವನ್ನು ಹಾಗೇ ಬಿಟ್ಟು ಅದರ ಕೆಳಗೆ ಅಕ್ಕನ ದನಿ ಇಟ್ಟೆವು. ಈಗ ಸಾಫ್ಟ್‌ವೇರಿಗೆ ಹತ್ತು ನಿಮಿಷದ ದನಿ ಕೊಟ್ಟರೆ ಹೊಸ ಪದಗಳನ್ನು ಅದೇ ದನಿಯಲ್ಲಿ ಹಾಡಿ ಕೊಡುತ್ತದೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ಆಕೆ ಹಾಡದೇ ಇದ್ದದ್ದನ್ನು ಆಕೆಯ ಬಾಯಿಂದ ಹಾಡಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ಈಗ ಶ್ರುತಿ ಮತ್ತು ಲಯ. ಬಹಳ ಜನ ಇಲ್ಲೇ ಎಡವುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತಂಬೂರಿ ಇಲ್ಲದೆ, ಒಲೆ ಮುಂದೆ ಹಾಡಿದ ದನಿ ಪೆಟ್ಟಿಗೆಯ, ಅಂದರೆ ಹಾರ್ಮೋನಿಯಂನ, ಮನೆಗೆ ಸರಿಯಾಗಿ ಕೂರುವುದಿಲ್ಲ. ನಮ್ಮ ಮೊದಲ ಹಾಡು ಕಾಳಿ ಚಾರ್‌ಗೆ, ಅಂದರೆ ಪೆಟ್ಟಿಗೆಯ ನಾಲ್ಕನೇ ಕರಿ ಮನೆಗೆ, ಹತ್ತಿರವಿತ್ತು, ಆದರೆ ಸುಮಾರು 30 ಸೆಂಟ್ ಇಳಿದಿತ್ತು. ನೂರು ಸೆಂಟ್ ಅಂದರೆ ಒಂದು ಅರ್ಧಸ್ವರ, ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ. ದನಿಯನ್ನು ಮೇಲೆತ್ತಿ ಪೆಟ್ಟಿಗೆಗೆ ಕೂರಿಸುವುದು ಕಂಪ್ಯೂಟರಿಗೆ ಅರೆ ಕ್ಷಣದ ಕೆಲಸ. ನಾನು ಒಮ್ಮೆ ಮಾಡಿ ಕೇಳಿದೆ. ಯಾರೋ ಹದಿಹರೆಯದ ಹುಡುಗಿ ಹಾಡಿದಂತಿತ್ತು. ಅಳಿಸಿಬಿಟ್ಟೆ. ಗಿಟಾರ್ ಟ್ಯೂನರ್‌ನಲ್ಲಿ 440 ಎಂದಿರುವ ಆಧಾರ ಸಂಖ್ಯೆಯನ್ನು 432ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಆ 30 ಸೆಂಟ್ ಇಳಿಯುತ್ತದೆ. ಗಿಟಾರು, ಬೇಸು ಎರಡನ್ನೂ ಹಾಗೆ ಇಳಿಸಿಕೊಂಡೆವು. ತಬಲಾಗೆ ಸುತ್ತಿಗೆ ಸಾಕಾಯಿತು. ಹಾರ್ಮೋನಿಯಂ ಮಾತ್ರ ಬಗ್ಗುವುದಿಲ್ಲ, ಅದರ ರೀಡುಗಳನ್ನು ಕೂಡಿಸಿದ್ದು ಕೂಡಿಸಿದಂತೆಯೇ. ಅದನ್ನು ಒಂದೊಂದೇ ಸಾಲಿನಂತೆ ಬೇರೆಯಾಗಿ ನುಡಿಸಿ, ಆ ರೆಕಾರ್ಡಿಂಗನ್ನೇ ಸಾಫ್ಟ್‌ವೇರಿನಲ್ಲಿ 30 ಸೆಂಟ್ ಇಳಿಸಿದೆವು. ಯಾರಾದರೂ ಬಗ್ಗಬೇಕಿದ್ದರೆ ವಾದ್ಯ ಬಗ್ಗಲಿ.

ಲಯಕ್ಕೂ ಇದೇ ಮಾತು. ಆಕೆ ನಿಮಿಷಕ್ಕೆ 84 ಮಾತ್ರೆಯಲ್ಲಿ ಶುರುಮಾಡಿ ಕೊನೆಯ ಚರಣಕ್ಕೆ 91ಕ್ಕೆ ಬರುತ್ತಿದ್ದಳು. ಕಂಪ್ಯೂಟರ್ ಲಯ ತೋರಿಸಲು ಹೊಡೆಯುವ ಕ್ಲಿಕ್ಕಿನ ಮೇಲೆ ದನಿಯನ್ನು ಎಳೆದು ಕೂರಿಸಿದರೆ ಹಾಡು ಸತ್ತೇ ಹೋಗುತ್ತದೆ. ಬದಲಿಗೆ ದನಿಯ ಮೇಲೆ ಕ್ಲಿಕ್ಕನ್ನು ಕಟ್ಟಿ. ಹೆಡ್‌ಫೋನ್ ಹಾಕಿಕೊಂಡು ಹಾಡಿನ ಜೊತೆ ಕಾಲು ತಟ್ಟುತ್ತಾ ಪ್ರತಿ ಸಮ್, ಅಂದರೆ ತಾಳದ ಮೊದಲ ಮಾತ್ರೆ, ಬೀಳುವ ಜಾಗಕ್ಕೆ ಗುರುತು ಹಾಕಿ. ನಾನು ಬಳಸುವುದು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್, ಅದರಲ್ಲಿ ಟೆಂಪೋ ಮಾರ್ಕರ್ ಎಂದಿದೆ, ಬೇರೆಯವುಗಳಲ್ಲೂ ಇರುತ್ತದೆ. ನಾಲ್ಕು ನಿಮಿಷದ ಹಾಡಿಗೆ ನನಗೆ ಎರಡು ರಾತ್ರಿ ಹಿಡಿಯಿತು. ಆ ಎರಡು ರಾತ್ರಿಯಲ್ಲಿ ಆಕೆ ಎಲ್ಲಿ ಅವಸರ ಮಾಡುತ್ತಾಳೆ, ಎಲ್ಲಿ ತಡೆದು ನಿಲ್ಲುತ್ತಾಳೆ ಎಂಬುದು ಕಾಲಿಗೇ ಗೊತ್ತಾಗಿಬಿಟ್ಟಿತು. ಕಾಲೇಜಿನಲ್ಲಿ ಜೊತೆ ನುಡಿಸುವಾಗ ಅದು ನನಗೆ ಗೊತ್ತೇ ಆಗಿರಲಿಲ್ಲ.

ಸದ್ದು ತೆಗೆಯುವುದರಲ್ಲಿ ನಾನೊಂದು ತಪ್ಪು ಮಾಡಿದೆ. ಫ್ಯಾನಿನ ಗುಂಯ್ ಸದ್ದು, ಹಾಗೇ ನಮ್ಮ ಕರೆಂಟಿನ 50 ಹರ್ಟ್ಜ್ ಮತ್ತು ಅದರ ಎರಡು, ಮೂರು ಪಟ್ಟಾದ 100, 150ನ್ನು ಸಣ್ಣಗೆ ಕತ್ತರಿಸುವುದು ಸರಿಯೇ. 80 ಹರ್ಟ್ಜ್ ಕೆಳಗಿನದನ್ನು ತೆಗೆದರೂ ಹೆಣ್ಣುದನಿಗೆ ಏನೂ ಆಗುವುದಿಲ್ಲ. ನಾನು ಅಷ್ಟಕ್ಕೇ ನಿಲ್ಲಿಸದೆ ಗೇಟ್ ಹಾಕಿದೆ. ದನಿ ಇಲ್ಲದ ಕಡೆ ಪೂರ್ತಿ ಮೌನ ಮಾಡುವ ಉಪಾಯ ಅದು. ಗೋಡೆಗೆ ಸುಣ್ಣ ಬಳಿದಂತೆ ಎಲ್ಲ ಸ್ವಚ್ಛವಾಗಿತ್ತು. ಖುಷಿಯಿಂದ ಗದಗಿಗೆ ಒಯ್ದು ಅವ್ವನಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆದು ಕೇಳಿದರು: ‘ಛಲೋ ಕೇಳಸ್ತೈತಿ ತಮ್ಮಾ. ಆದ್ರ ಆಕಿ ಉಸುರು ಎಲ್ಲಿ ಹೋತು? ಎತ್ತಗೊಳ್ಳೂಕಿಂತ ಮೊದಲ ಹಿಂಗ ಎಳಕೋತಿದ್ಲಲ್ಲ.’ ಹೇಳಿ, ತಾವೇ ಸಣ್ಣಗೆ ಉಸಿರೆಳೆದು ತೋರಿಸಿದರು.

ಧಾರವಾಡಕ್ಕೆ ಬಂದವನೇ ಗೇಟ್ ತೆಗೆದು, ಅಳಿಸಿದ್ದ ಉಸಿರುಗಳನ್ನು ಒಂದೊಂದಾಗಿ ವಾಪಸ್ ತಂದೆ. ಒಂದೇ ಹಾಡಿನಲ್ಲಿ 41 ಇದ್ದವು. ಉಸಿರಿನ ಜೊತೆ ಫ್ಯಾನಿನ ಸದ್ದೂ ಸ್ವಲ್ಪ ಬಂತು, ಬರಲಿ. ಸದ್ದು ತೆಗೆಯುವ ಪ್ಲಗಿನ್ನನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಬೇಡಿ, ದನಿ ನೀರಿನೊಳಗಿಂದ ಬಂದಂತೆ ಆಗುತ್ತದೆ. ಕುಕ್ಕರಿನ ಸೀಟಿ ಬಿದ್ದ ಒಂದು ಸಾಲನ್ನು ಮಾತ್ರ ಅದೇ ಹಾಡಿನ ಇನ್ನೊಂದು ರೆಕಾರ್ಡಿಂಗಿನಿಂದ ತಂದು ಕೂರಿಸಿದೆವು. ಎರಡೂ ಆಕೆಯವೇ ದನಿ, ಒಂದೇ ವಾರದವು.

ವಾದ್ಯಗಳನ್ನು ನುಡಿಸುವ ದಿನಗಳನ್ನು ಕಾರ್ತಿಕ ಕಳೆದ ಮೇಲೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಹಂಚಿನ ಮೇಲಿನ ಸದ್ದಿಗೆ ಧಾರವಾಡದಲ್ಲಿ ಯಾವ ಮೈಕೂ ತಡೆಯುವುದಿಲ್ಲ. ಕೌದಿಗಳನ್ನು ಗೋಡೆಗೆ ಒತ್ತಿ ಹಾಕದೆ ನಾಲ್ಕು ಬೆರಳು ಬಿಟ್ಟು ತೂಗುಹಾಕಿದರೆ ಖೋಲಿಯ ಮಾರ್ದನಿ ಚೆನ್ನಾಗಿ ಇಳಿಯುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಇರಲಿ. ನುಡಿಸುವವರೆಲ್ಲರ ಹೆಡ್‌ಫೋನಿನಲ್ಲಿ ಆಕೆಯ ದನಿ ಎಲ್ಲಕ್ಕಿಂತ ಜೋರಾಗಿರಲಿ. ಆಗ ಕೈ ತಾನಾಗಿಯೇ ಮೆತ್ತಗಾಗುತ್ತದೆ. ನಮ್ಮ ಡ್ರಮ್ಸ್‌ನವ ಮೊದಲ ದಿನ ಎರಡನೇ ಚರಣಕ್ಕೆ ಕೋಲು ಕೆಳಗಿಟ್ಟು ಹೊರಗೆ ಹೋಗಿ ಕಟ್ಟೆ ಮೇಲೆ ಕೂತ. ಅಂದು ಅಲ್ಲಿಗೇ ನಿಲ್ಲಿಸಿ ಲೈನ್ ಬಜಾರಿಗೆ ಹೋಗಿ ಚಹಾ ಕುಡಿದು ಬಂದೆವು. ದಿನಕ್ಕೆ ಒಂದೇ ಹಾಡು ಇಟ್ಟುಕೊಳ್ಳಿ. ಲಂಡನ್ನಿನಲ್ಲಿ ಆ ಮೂವರು 2018ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಡೊಲೊರೆಸ್ ಹೋದ ಕೆಲವೇ ತಿಂಗಳಲ್ಲಿ, ಆ ದನಿಯನ್ನು ಕೇಳುತ್ತಾ ದಿನವಿಡೀ ಹೇಗೆ ನುಡಿಸಿದರೋ. ನಮಗೆ ಒಂದೂವರೆ ವರ್ಷದ ಮೇಲೂ ಕಷ್ಟವಾಯಿತು.

ಮಿಕ್ಸ್ ಮಾಡಲು, ಅಂದರೆ ದನಿ ಮತ್ತು ವಾದ್ಯಗಳನ್ನು ಹದವಾಗಿ ಬೆರೆಸಲು, ಕೂರುವವರು ಆ ದನಿಯನ್ನು ಜೀವಂತ ಕೇಳಿದವರಾಗಿರಲಿ. ಕ್ರ್ಯಾನ್‌ಬೆರೀಸ್ ಈ ಆಲ್ಬಮ್ಮಿಗೆ ಕರೆದದ್ದು ಸ್ಟೀಫನ್ ಸ್ಟ್ರೀಟ್ ಅವರನ್ನು. 1993ರ ಅವರ ಮೊದಲ ಆಲ್ಬಮ್ಮಿಗೂ 1994ರ ಎರಡನೆಯದಕ್ಕೂ ನಿರ್ಮಾಪಕರು ಅವರೇ, ಮುಂದೆಯೂ ಜೊತೆಗೆ ಕೆಲಸ ಮಾಡಿದವರು. ಡೊಲೊರೆಸ್ ದನಿ ಎಲ್ಲಿ ಒಡೆಯುತ್ತದೆ, ಯಾವ ಒಡಕು ಬೇಕೆಂದೇ ತಂದದ್ದು ಎನ್ನುವುದನ್ನು ಅಂಥವರಿಗೆ ಹೇಳಿಕೊಡಬೇಕಿಲ್ಲ. ಹುಬ್ಬಳ್ಳಿಯಲ್ಲಿ ನನಗಿಂತ ಒಳ್ಳೆಯ ಸ್ಟುಡಿಯೋಗಳಿವೆ. ಆದರೂ ಆಕೆಯನ್ನು ಕೇಳಿದವ ಎಂಬ ಒಂದೇ ಕಾರಣಕ್ಕೆ ಮಿಕ್ಸ್ ನಾನೇ ಮಾಡಿದೆ.

ಒಂದು ಗುಟ್ಟು ಹೇಳುತ್ತೇನೆ. ಮೂರು ಹಾಡುಗಳಿಗೆ ಮೂಲ ಕಡತ ಸಿಗದೆ ವಾಯ್ಸ್ ನೋಟ್‌ಗಳನ್ನೇ ಬಳಸಬೇಕಾಯಿತು. ಅವುಗಳಲ್ಲಿ 8 ಕಿಲೋಹರ್ಟ್ಜ್ ಮೇಲೆ ಏನೂ ಇರಲಿಲ್ಲ. ಇಲ್ಲದ್ದನ್ನು ಈಕ್ವಲೈಜರಿನಿಂದ ಎತ್ತಿದರೆ ಬರುವುದು ಬರೀ ಸರಸರ ಸದ್ದು. ಹಾಗಾಗಿ ದನಿಯನ್ನು ಬಿಟ್ಟು, ಸುತ್ತಲಿನ ವಾದ್ಯಗಳ ಹೊಳಪನ್ನು ಇಳಿಸಿ. ತಾಳದ ತಟ್ಟೆಗಳನ್ನು ಬಿಟ್ಟು ಬ್ರಷ್‌ನಲ್ಲಿ ನುಡಿಸಿ, ಗಿಟಾರಿನ ತಂತಿಯ ಮಿಂಚನ್ನು ಕತ್ತರಿಸಿ. ಆಗ ಕಿವಿಗೆ ದನಿ ಮಂಕೆನಿಸುವುದಿಲ್ಲ, ಇಡೀ ಹಾಡೇ ಸಂಜೆಯ ಬೆಳಕಿನಲ್ಲಿದ್ದಂತೆ ಕೇಳುತ್ತದೆ. ಫೋನಿನ ದನಿ ಮೋನೋ, ಎಡಬಲವೆಂಬುದಿಲ್ಲ, ಅದನ್ನು ನಟ್ಟ ನಡುವೆ ಇಟ್ಟು ವಾದ್ಯಗಳನ್ನು ಎಡಬಲಕ್ಕೆ ಸರಿಸಿ. ಎಲ್ಲರಿಗೂ ಒಂದೇ ಸಣ್ಣ ರಿವರ್ಬ್, ಅಂದರೆ ಮಾರ್ದನಿ, ಕೊಟ್ಟರೆ ಎಲ್ಲರೂ ಒಂದೇ ಖೋಲಿಯಲ್ಲಿ ಕೂತಂತಾಗುತ್ತದೆ.

ಬಿಡುಗಡೆಯ ಕೆಲಸ ಅಷ್ಟೇನೂ ಕಷ್ಟವಿಲ್ಲ. ಸ್ಪಾಟಿಫೈಯಂಥ ಕಡೆಗೆ ಹಾಡು ತಲುಪಿಸುವ ಯಾವುದಾದರೂ ಡಿಸ್ಟ್ರಿಬ್ಯೂಟರ್ ಮೂಲಕ ನಾಲ್ಕು ವಾರ ಮೊದಲೇ ಹಾಡು ಮತ್ತು ಚಿತ್ರ ಏರಿಸಿ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ ಒಂದು ಗುರುತಿನ ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಸ್ಪಾಟಿಫೈಯವರ ಗಮನಕ್ಕೆ ತರಬೇಕಿದ್ದರೆ ಕನಿಷ್ಠ ಏಳು ದಿನ ಮೊದಲು ಅರ್ಜಿ ಹಾಕಬೇಕು. ಗಾಯಕಿಯ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಮನೆಯವರಿಂದಲೇ ಬರೆಸಿಕೊಳ್ಳಿ, ಒಮ್ಮೆ ತಪ್ಪಾದರೆ ತಿದ್ದಿಸಲು ವಾರಗಟ್ಟಲೆ ಅಲೆಯಬೇಕು. ಹಣ ನೇರವಾಗಿ ವಾರಸುದಾರರ ಖಾತೆಗೆ ಹೋಗಲಿ. ಗೀತರಚನೆಕಾರರ ಗೌರವಧನ ಕೂಡಿಸಿಕೊಡುವ ಐಪಿಆರ್‌ಎಸ್‌ನಲ್ಲಿ ವಾರಸುದಾರರೂ ಸದಸ್ಯರಾಗಬಹುದು.

ದಿನ ಯಾವುದು? ಕ್ರ್ಯಾನ್‌ಬೆರೀಸ್ ಮೊದಲ ಹಾಡನ್ನು 2019ರ ಜನವರಿ 15ಕ್ಕೆ, ಅಂದರೆ ಸರಿಯಾಗಿ ವರ್ಷ ತುಂಬಿದ ದಿನ ಬಿಟ್ಟರು. ಇಡೀ ಆಲ್ಬಮ್ ಮೂರು ತಿಂಗಳ ಮೇಲೆ ಬಂತು. ನಾನೂ ಎರಡನೇ ವರ್ಷದ ತಿಥಿಯ ದಿನವೇ ಮಾಡೋಣ ಎಂದುಕೊಂಡಿದ್ದೆ. ಆಕೆಯ ಅಕ್ಕ ಬೇಡ ಅಂದರು. ‘ಆವತ್ತ ಅವ್ವಗ ಮನಿ ತುಂಬ ಮಂದಿ ಇರ್ತಾರ. ಹಾಡು ಕೇಳಾಕ ಪುರಸೊತ್ತ ಇರೂದಿಲ್ಲ.’ ಅದಕ್ಕೇ ದಸರಾ ಸೂಟಿಯ ಮೊದಲ ಸೋಮವಾರ ಬಿಟ್ಟೆವು. ಹಿಂದಿನ ರಾತ್ರಿ ಗದಗಿನ ಆ ಮನೆಯ ಪಡಸಾಲೆಯಲ್ಲಿ ಸಣ್ಣ ಸ್ಪೀಕರ್ ಇಟ್ಟು ಏಳೂ ಹಾಡು ಕೇಳಿದೆವು. ಹೊರಗಿನವರು ನಾವು ಮೂವರೇ. ನಿಮ್ಮ ಊರಿನಲ್ಲೂ ಮೊದಲ ಕೇಳುವಿಕೆ ಮನೆಯಲ್ಲೇ ಆಗಲಿ, ಇಂಟರ್ನೆಟ್ಟಿಗೆ ಒಂದು ದಿನ ಮೊದಲು.

ಬ್ಯಾಂಡಿನ ಹೆಸರಿನ ಪ್ರಶ್ನೆಯನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಡೊಲೊರೆಸ್ ಜಾಗಕ್ಕೆ ಆ ಮೂವರು ಬೇರೆ ಗಾಯಕಿಯನ್ನು ತರಲಿಲ್ಲ, ಇದೇ ಕೊನೆಯ ಆಲ್ಬಮ್ ಎಂದು ಹೇಳಿಯೇ ಬಿಡುಗಡೆ ಮಾಡಿದರು. ನಾವೂ ನಮ್ಮ ಹಳೇ ಗ್ಯಾದರಿಂಗ್ ಹೆಸರನ್ನು ಇದೊಂದಕ್ಕೆ ಹಾಕಿ ಅಲ್ಲಿಗೆ ಮುಗಿಸಿದೆವು.

ಎಲ್ಲ ಆದ ಮೇಲೆ ಫೋನನ್ನು ಮನೆಯವರಿಗೆ ಹಿಂದಿರುಗಿಸಿ. ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ಅಕ್ಕ ಬರೆದ ವಹಿಯ ಜೊತೆ ಒಂದೇ ಚೀಲದಲ್ಲಿ ಕೊಡಿ. ನಾನು ಕೊಟ್ಟಾಗ ಅವ್ವ ಚೀಲ ಬಿಚ್ಚಿ ನೋಡಿ, ‘ಚಾರ್ಜರ್ ಎಲ್ಲೈತಿ?’ ಅಂದರು. ಅದು ಸಪ್ತಾಪುರದಲ್ಲೇ, ನನ್ನ ಟೇಬಲ್ಲಿನ ಪ್ಲಗ್ಗಿನಲ್ಲೇ ಉಳಿದಿತ್ತು. ಮರುದಿನ ಬೆಳಗಿನ ಬಸ್ಸಿಗೆ ಹೋಗಿ ಕೊಟ್ಟು ಬಂದೆ.